ಪೆಟ್ಟಿಗೆಯ ಮೇಲಿನ ವೇಗ

ನಮ್ಮ ನೆರೆಮನೆಯವರು ಮಗನ ಓದಿಗೆಂದು ಒಂದು ಗಣಕಯಂತ್ರವನ್ನು ಕೊಂಡು ತಂದರು. ಅದರೊಳಗಿನ ಪ್ರೊಸೆಸರು ಎಎಂಡಿ ಕಂಪೆನಿಯ ರೈಜನ್ 5 5600ಎಕ್ಸ್. ಮೂಲವೇಗ 3.7 ಗಿಗಾಹರ್ಟ್ಸ್, ಬೂಸ್ಟ್ ವೇಗ 4.6 ಗಿಗಾಹರ್ಟ್ಸ್‌ವರೆಗೆ ಎಂದು ಅದರ ವಿವರದಲ್ಲಿದೆ. ಹುಡುಗ ಚುರುಕು, ಯಂತ್ರಕ್ಕೆ ವೀಡಿಯೊ ಸಿದ್ಧಪಡಿಸುವ ಕೆಲಸ ಕೊಟ್ಟು ವೇಗವನ್ನು ಅಳೆದು ನೋಡಿದ. ಅದು 4.1ರ ಆಸುಪಾಸಿನಲ್ಲೇ ನಿಂತುಬಿಟ್ಟಿತು. ತಂದೆ ನನ್ನ ಬಳಿಗೆ ಬಂದು, "ಸ್ವಾಮಿ, ಅಂಗಡಿಯವನು ನಮಗೆ ಟೋಪಿ ಹಾಕಿದನೆ? ಇನ್ನೈದು ಸಾವಿರ ಕೊಟ್ಟು ದೊಡ್ಡ ಕೂಲರು ಹಾಕಿಸಿದರೆ ಸರಿಹೋಗುತ್ತದಂತೆ. ಹಾಕಿಸಲೆ?" ಎಂದು ಕೇಳಿದರು.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಕಂಪ್ಯೂಟರು ಕೊಂಡ ಅನೇಕರ ಮನಸ್ಸಿನಲ್ಲಿ ಇದು ಎದ್ದಿರಬಹುದು. ಆದುದರಿಂದ ಈ ಬೂಸ್ಟ್ ವೇಗವೆಂದರೇನು, ಅದು ಏತಕ್ಕೆ ಏರುತ್ತದೆ, ಏತಕ್ಕೆ ಇಳಿಯುತ್ತದೆ ಎಂಬುದನ್ನು ಕೊಂಚ ವಿಚಾರಮಾಡೋಣ.

ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ. ಒಂದು ಕಾಲದಲ್ಲಿ ಪ್ರತಿವರ್ಷವೂ ಈ ಮಿಡಿತವನ್ನು ಹೆಚ್ಚಿಸುತ್ತ ಹೋಗುವುದೇ ಪ್ರಗತಿ ಎನಿಸಿತ್ತು. 2004ರಲ್ಲಿ ಇಂಟೆಲ್ ಕಂಪೆನಿಯ ಪೆಂಟಿಯಂ 4 ಚಿಪ್ಪು 3.8 ಗಿಗಾಹರ್ಟ್ಸ್ ಮುಟ್ಟಿತು. 4 ಗಿಗಾಹರ್ಟ್ಸಿನ ಚಿಪ್ಪನ್ನು ತರುವ ಯೋಜನೆಯನ್ನು ಆ ಕಂಪೆನಿ ಅದೇ ವರ್ಷ ಕೈಬಿಟ್ಟಿತು. ಆ ಕಾಲದ ದೊಡ್ಡ ಅಡ್ಡಿ ಶಾಖ. ವೇಗ ಹೆಚ್ಚಬೇಕಾದರೆ ಸಾಮಾನ್ಯವಾಗಿ ವೋಲ್ಟೇಜೂ ಹೆಚ್ಚಬೇಕು. ವಿದ್ಯುತ್ತಿನ ಖರ್ಚಾದರೋ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ ಹತ್ತರಷ್ಟು ಏರಿಸಿದಿರೆಂದರೆ ಖರ್ಚು ಮೂರನೆಯ ಒಂದು ಪಾಲಿನಷ್ಟು ಹೆಚ್ಚುತ್ತದೆ. ಆ ಖರ್ಚೆಲ್ಲ ಕಡೆಗೆ ಶಾಖವೇ.

ಹೀಗಾಗಿ ಒಂದೇ ಚಿಪ್ಪಿನಲ್ಲಿ ಎರಡು, ನಾಲ್ಕು, ಆರು ಕೋರುಗಳನ್ನು, ಎಂದರೆ ಲೆಕ್ಕಮಾಡುವ ಘಟಕಗಳನ್ನು, ಇಡುವ ಪದ್ಧತಿ ಬಂದಿತು. ಆದರೆ ಎಲ್ಲ ಕೆಲಸಕ್ಕೂ ಎಲ್ಲ ಕೋರುಗಳೂ ಬೇಕಾಗುವುದಿಲ್ಲವಷ್ಟೆ. ಸುಮ್ಮನಿರುವ ಕೋರುಗಳ ಪಾಲಿನ ವಿದ್ಯುತ್ತನ್ನು ದುಡಿಯುವ ಕೋರಿಗೆ ಕೊಟ್ಟರೆ ಅದು ಇನ್ನಷ್ಟು ವೇಗವಾಗಿ ಓಡಬಲ್ಲದು. ಇದೇ ಬೂಸ್ಟಿನ ಮೂಲತತ್ತ್ವ. 2008ರಲ್ಲಿ ಇಂಟೆಲ್‌ನ ಕೋರ್ ಐ7 ಚಿಪ್ಪುಗಳೊಡನೆ ಇದು ಮೇಜಿನ ಕಂಪ್ಯೂಟರುಗಳಿಗೆ ಬಂದಿತು. ಅವುಗಳಲ್ಲಿ ಐ7-920 ಎಂಬುದರ ಮೂಲವೇಗ 2.66, ಒಂದೇ ಕೋರು ದುಡಿಯುವಾಗ 2.93.

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನಪಿಗೆ ತಂದುಕೊಳ್ಳಿ. ಬಚ್ಚಲಿನ ನಲ್ಲಿಯೊಂದನ್ನೇ ತಿರುಗಿಸಿದರೆ ನೀರು ರಭಸದಿಂದ ಬರುತ್ತದೆ. ಅಡಿಗೆಮನೆ, ಹಿತ್ತಿಲು, ಅಂಗಳ ಎಲ್ಲೆಡೆಯೂ ಒಟ್ಟಿಗೆ ತಿರುಗಿಸಿದರೆ ಧಾರೆ ಸಣ್ಣಗಾಗುತ್ತದೆ. ಹಾಗೆಂದು ಕೊಳಾಯಿಯವನನ್ನು ಬೈಯುವವರುಂಟೆ? ಪೆಟ್ಟಿಗೆಯ ಮೇಲಿನ 4.6 ಎಂಬುದು ಒಂದು ನಲ್ಲಿಯ ರಭಸ. ವೀಡಿಯೊ ಸಿದ್ಧಪಡಿಸುವುದು ಆರು ಕೋರುಗಳೂ ಬೆವರಿಳಿಸುವ ಕೆಲಸ.

ಎರಡನೆಯದು ವಿದ್ಯುತ್ತಿನ ಮಿತಿ. ನಮ್ಮ ನೆರೆಯವರ ಪ್ರೊಸೆಸರನ್ನು 65 ವ್ಯಾಟಿನದೆಂದು ಕರೆಯುತ್ತಾರೆ; ಆದರೆ ಅದು 76 ವ್ಯಾಟಿನವರೆಗೆ ಎಳೆದುಕೊಳ್ಳಲು ತಯಾರಕರೇ ಅನುಮತಿ ಕೊಟ್ಟಿದ್ದಾರೆ. ಇಂಟೆಲ್‌ನ ರೀತಿ ಬೇರೆ. 2020ರ ಕೋರ್ ಐ7-10700 ಕೂಡ 65 ವ್ಯಾಟಿನದೇ. ಆದರೆ ತಯಾರಕರ ಸಲಹೆಯಂತೆ, ಭಾರದ ಕೆಲಸ ಬಿದ್ದೊಡನೆ ಅದು 224 ವ್ಯಾಟಿನವರೆಗೆ ಏರಬಹುದು. ಸುಮಾರು ಅರ್ಧ ನಿಮಿಷದೊಳಗೆ 65ಕ್ಕೆ ಇಳಿದುಬರಬೇಕು. ಜೊತೆಗೆ ವೇಗವೂ ಇಳಿಯುತ್ತದೆ. ಮೊದಲ ಕೆಲವು ಸೆಕೆಂಡು ಓಡಿ ಆಮೇಲೆ ನಡೆಯುತ್ತದೆಂದು ದೂರುವವರು ಇದನ್ನು ಗಮನಿಸಬೇಕು. ಮದರ್‌ಬೋರ್ಡ್ ತಯಾರಿಸುವವರು ಈ ಅಂಕಿಗಳನ್ನು ಬದಲಾಯಿಸುವುದೂ ಉಂಟು. ಒಂದೇ ಪ್ರೊಸೆಸರು ಎರಡು ಬೋರ್ಡುಗಳಲ್ಲಿ ಎರಡು ವೇಗ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ.

ಮೂರನೆಯದು ಶಾಖ. ಕೂಲರು ಎಷ್ಟೇ ದೊಡ್ಡದಾಗಿರಲಿ, ಗಾಳಿಯಿಂದ ತಣಿಸುವುದಾದರೆ ಕೋಣೆಯ ಗಾಳಿಗಿಂತ ಚಿಪ್ಪನ್ನು ತಣ್ಣಗೆ ಮಾಡಲಾರದು. ಒಂದು ಕೂಲರು ಚಿಪ್ಪನ್ನು ಕೋಣೆಯ ಉಷ್ಣಕ್ಕಿಂತ 50 ಡಿಗ್ರಿ ಮೇಲೆ ನಿಲ್ಲಿಸುತ್ತದೆಂದು ಇಟ್ಟುಕೊಳ್ಳಿ. ಮಡಿಕೇರಿಯ 25 ಡಿಗ್ರಿಯ ಕೋಣೆಯಲ್ಲಿ ಚಿಪ್ಪು 75 ಆದರೆ, ಕಲಬುರಗಿಯ ಬೇಸಗೆಯ 40 ಡಿಗ್ರಿಯ ಕೋಣೆಯಲ್ಲಿ ಅದೇ ಚಿಪ್ಪು 90. ರೈಜನ್ 5600ಎಕ್ಸಿಗೆ ತಯಾರಕರು ಇಟ್ಟ ಮಿತಿ 95. ಅದನ್ನು ಮುಟ್ಟುವ ಮುನ್ನವೇ ವೇಗ ಮೆಲ್ಲಮೆಲ್ಲನೆ ತಗ್ಗತೊಡಗುತ್ತದೆ. ಕೆಲವು ಚಿಪ್ಪುಗಳು ಇನ್ನೂ ಸೂಕ್ಷ್ಮ. 2020ರ ಕೋರ್ ಐ9-10900ಕೆ ತನ್ನ 5.3 ಗಿಗಾಹರ್ಟ್ಸನ್ನು 70 ಡಿಗ್ರಿಯೊಳಗೆ ಇದ್ದರೆ ಮಾತ್ರ ತೋರಿಸುತ್ತದೆ.

ಇವಲ್ಲದೆ ಕೆಲಸದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಒಂದೇ ಏಟಿಗೆ ಅನೇಕ ಸಂಖ್ಯೆಗಳನ್ನು ಗುಣಿಸುವ ಭಾರಿ ಗಣಿತ ಹೆಚ್ಚು ವಿದ್ಯುತ್ತನ್ನು ಕುಡಿಯುತ್ತದೆ. ಒಂದೇ ಅಚ್ಚಿನ ಚಿಪ್ಪುಗಳಲ್ಲೂ ಒಂದು ಕೋರು ಚುರುಕು, ಇನ್ನೊಂದು ತುಸು ಮಂದ.

ಹಾಗಾದರೆ ದೂರುವವರೆಲ್ಲರೂ ತಪ್ಪೆ? ಹಾಗೆ ಹೇಳಲಾಗದು. 2019ರ ಜುಲೈಯಲ್ಲಿ ಎಎಂಡಿಯ ರೈಜನ್ 3000 ಸಾಲಿನ ಚಿಪ್ಪುಗಳು ಮಾರುಕಟ್ಟೆಗೆ ಬಂದಾಗ, ಒಂದೇ ಕೋರು ದುಡಿಯುವಾಗಲೂ ಹೇಳಿದ ವೇಗ ಮುಟ್ಟುವುದಿಲ್ಲವೆಂದು ಕೊಂಡವರು ಅಳೆದು ತೋರಿಸಿದರು. ಬೋರ್ಡಿನೊಳಗಿನ ಫರ್ಮ್‌ವೇರಿನಲ್ಲಿ ದೋಷವಿದ್ದುದನ್ನು ಸೆಪ್ಟೆಂಬರಿನಲ್ಲಿ ಕಂಪೆನಿಯೇ ಒಪ್ಪಿಕೊಂಡು ತಿದ್ದುಪಡಿ ಹೊರಡಿಸಿತು. ಅದರಿಂದ ಬರುವ ಹೆಚ್ಚಳ ಸುಮಾರು 25ರಿಂದ 50 ಮೆಗಾಹರ್ಟ್ಸ್ ಎಂದೂ ತಿಳಿಸಿತು. ಮೊತ್ತ ಸಣ್ಣದು. ಆದರೆ ಸರಿಯಾಗಿ ಅಳೆದವನ ಮಾತಿಗೆ ಬೆಲೆ ಬಂದಿತು.

ಆದುದರಿಂದ ಹಣ ಬಿಚ್ಚುವ ಮುನ್ನ ಮೂರು ಕೆಲಸ ಮಾಡಿ. ಒಂದೇ ಕೋರಿನ ಹಗುರ ಕೆಲಸ ಕೊಟ್ಟು ಶಿಖರವೇಗವನ್ನು ನೋಡಿ. ಆಮೇಲೆ ಎಲ್ಲ ಕೋರುಗಳಿಗೂ ಕೆಲಸ ಕೊಟ್ಟು, ಹತ್ತು ನಿಮಿಷ ಬಿಟ್ಟು, ಉಷ್ಣ ಮತ್ತು ವ್ಯಾಟು ಎರಡನ್ನೂ ಓದಿ. ಉಷ್ಣ ಮಿತಿಯ ಹತ್ತಿರವಿದ್ದರೆ ಧೂಳು, ಫ್ಯಾನು, ಗಾಳಿಯ ದಾರಿಗಳ ಕಡೆ ಗಮನ ಕೊಡಿ. ಉಷ್ಣ ಕಡಿಮೆಯಿದ್ದು ವ್ಯಾಟೇ ಮಿತಿ ಮುಟ್ಟಿದ್ದರೆ ದೊಡ್ಡ ಕೂಲರಿನಿಂದ ಆಗುವ ಲಾಭ ಅಲ್ಪ. ಎರಡೂ ಮಿತಿಯೊಳಗಿದ್ದು ವೇಗ ಏರದಿದ್ದರೆ ವಿದ್ಯುತ್ ಉಳಿತಾಯದ ಏರ್ಪಾಡನ್ನೂ ಫರ್ಮ್‌ವೇರನ್ನೂ ನೋಡಿ.

ನೆರೆಮನೆಯಲ್ಲಿ ನಾವು ಹಾಗೆಯೇ ಮಾಡಿದೆವು. ಒಂದು ಕೋರಿನ ಕೆಲಸಕ್ಕೆ ಯಂತ್ರ 4.6ನ್ನು ಮುಟ್ಟಿತು. ಎಲ್ಲ ಕೋರುಗಳ ಕೆಲಸಕ್ಕೆ ಉಷ್ಣ 90 ದಾಟಿತು. ಕಾರಣವೇನೆಂದರೆ, ಧೂಳು ಬೀಳದಿರಲೆಂದು ಯಂತ್ರವನ್ನು ಮೇಜಿನ ಕೆಳಗಣ ಗೂಡಿನಲ್ಲಿಟ್ಟು ಬಾಗಿಲು ಮುಚ್ಚಿದ್ದರು! ಹೊರಗೆ ತೆಗೆದಿಟ್ಟೆವು, ವೇಗ 4.3ಕ್ಕೆ ಏರಿ ಅಲ್ಲೇ ನಿಂತಿತು. ಉಳಿದದ್ದು ಯಾರ ಮೋಸವೂ ಅಲ್ಲ, ಆರು ನಲ್ಲಿಗಳ ಲೆಕ್ಕ. ಐದು ಸಾವಿರ ಉಳಿಯಿತು, ಅಂಗಡಿಯವನ ಮೇಲಿನ ಸಂಶಯವೂ ಹೋಯಿತು.

ಮೂಲವೇಗವೆಂಬುದು ಸಂಬಳವಿದ್ದಂತೆ, ಬೂಸ್ಟ್ ಅನುಕೂಲವಿದ್ದಾಗ ಬರುವ ಭಕ್ಷೀಸು. ಪೆಟ್ಟಿಗೆಯ ಮೇಲಿನ ಅಂಕಿಯನ್ನು ಓದುವಾಗ ಅದರ ಪಕ್ಕದಲ್ಲಿರುವ 'ವರೆಗೆ' ಎಂಬ ಪುಟ್ಟ ಮಾತನ್ನೂ ಓದಿಕೊಳ್ಳಿ.