ಹಾರೆಯ ಅಡಿಯ ಕಲ್ಲು

ಮಕ್ಕಳೇ, ಹಿರೇಕೆರೂರು ಪೇಟೆಗೆ ಹೋದಾಗ ಪಂಕ್ಚರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಗೋವಿನಜೋಳ ಹೇರಿಕೊಂಡು ಬಂದ ಟ್ರ್ಯಾಲಿಯ ಟೈರು ಬಿಚ್ಚಬೇಕಾಗಿದೆ ಅನ್ನಿ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿಗಳ ಬಳೆ ಹುದುಗಿರುತ್ತದೆ. ಬರಿಗೈಯಲ್ಲಿ ಎಷ್ಟು ಜಗ್ಗಿದರೂ ಅದು ಮಿಸುಕುವುದಿಲ್ಲ. ಅಂಗಡಿಯವರು ಎರಡು ಉಕ್ಕಿನ ಪಟ್ಟಿಗಳನ್ನು ಅಂಚಿನೊಳಗೆ ತೂರಿಸಿ, ಒಂದನ್ನು ಕಾಲಲ್ಲಿ ಅದುಮಿ ಹಿಡಿದು, ಇನ್ನೊಂದನ್ನು ಮೀಟುತ್ತಾರೆ. ಟೈರು ರಿಮ್ಮಿನ ಮೇಲೆ ಏರಿ ಹೊರಗೆ ಬರುತ್ತದೆ. ಆ ಪಟ್ಟಿಯ ತುದಿಯನ್ನು ಮುಟ್ಟಿ ನೋಡಿದರೆ ಅದು ಚಮಚದ ಹಾಗೆ ಚಪ್ಪಟೆಯಾಗಿ, ನುಣ್ಣಗೆ ಇರುತ್ತದೆ. ಚೂಪಾಗಿದ್ದರೆ ಒಳಗಿನ ಟ್ಯೂಬು ಹರಿದುಹೋಗುತ್ತಿತ್ತು.

ಇದು ಸನ್ನೆ. ಟೈರು ಬಿಚ್ಚುವ ಲಿವರ್, ಕಾರು ರಿಪೇರಿಯ ಟಾಮಿ, ಹೊಲದಲ್ಲಿ ಬಂಡೆ ಎಬ್ಬಿಸುವ ಹಾರೆ ಎಲ್ಲವೂ ಸನ್ನೆಗಳೇ. ನಮ್ಮ ಸೀಮೆಯ ಜಾತ್ರೆಗಳಲ್ಲಿ ತೇರು ನಿಂತಲ್ಲಿಂದ ಕದಲಬೇಕಾದರೆ ಹಗ್ಗ ಎಳೆಯುವವರಷ್ಟೇ ಸಾಲದು. ಗಾಲಿಯ ಹಿಂದೆ ಉದ್ದನೆಯ ಮರದ ತೊಲೆ ಕೊಟ್ಟು ಮೀಟುವ ಗಟ್ಟಿಗರು ಬೇಕು. ಮುಂದಿನ ಜಾತ್ರೆಯಲ್ಲಿ ತೇರಿನ ಕಳಸ ನೋಡಿದ ಮೇಲೆ ಅವರನ್ನೂ ನೋಡಿ. ಅವರು ತೊಲೆಯ ಕೆಳಗೆ ಎಲ್ಲಿ ಆಸರೆ ಕೊಡುತ್ತಾರೆ ಎಂಬುದನ್ನು ಮುಖ್ಯವಾಗಿ ಗಮನಿಸಿ.

ಆ ಆಸರೆಯ ಜಾಗಕ್ಕೆ ಆನಿಕೆ ಎಂದು ಹೆಸರು. ಸನ್ನೆಯ ಲೆಕ್ಕವನ್ನು 2,200 ವರ್ಷಗಳಿಗೂ ಹಿಂದೆ ಸಿರಾಕ್ಯೂಸ್ ನಗರದ ಆರ್ಕಿಮಿಡೀಸ್ ಬರೆದಿಟ್ಟ. ಮನೆಯಲ್ಲೇ ಅದನ್ನು ಪರೀಕ್ಷಿಸಬಹುದು. ಆರು ಮುಖದ ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು, 30 ಸೆಂಟಿಮೀಟರಿನ ಸ್ಕೇಲನ್ನು ನಡುಮಧ್ಯಕ್ಕೆ ಸರಿಯಾಗಿ ಅದರ ಮೇಲೆ ಅಡ್ಡ ಇಡಿ. ಪೆನ್ಸಿಲ್ಲಿನಿಂದ 5 ಸೆಂಟಿಮೀಟರ್ ದೂರದಲ್ಲಿ ಎರಡು ನಾಣ್ಯಗಳನ್ನು ಒಂದರ ಮೇಲೊಂದು ಇಡಿ. ಇನ್ನೊಂದು ಬದಿಗೆ ಅಂಥದ್ದೇ ಒಂದು ನಾಣ್ಯವನ್ನು 10 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಸ್ಕೇಲು ಸಮತೂಕಕ್ಕೆ ಬರುತ್ತದೆ. ಎರಡು ಐದಲೆ ಹತ್ತು, ಒಂದು ಹತ್ತಲೆ ಹತ್ತು. ಭಾರವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ ಒಂದೇ ಬರಬೇಕು, ಅಷ್ಟೇ ನಿಯಮ. ಒಂಟಿ ನಾಣ್ಯ ಜೋಡಿ ನಾಣ್ಯವನ್ನು ಎತ್ತಿ ಹಿಡಿಯುವುದನ್ನು ಕಣ್ಣಾರೆ ಕಂಡರೆ ಎಷ್ಟು ಖುಷಿ ಆಗುತ್ತದೆ ಗೊತ್ತೇ!

ಈಗ ಕಾರಿನ ಹತ್ತಿರ ಹೋಗೋಣ. ಮಳೆಗಾಲ ಮುಗಿದ ಮೇಲೆ ಗುಂಡಿಬಿದ್ದ ರಸ್ತೆಯಲ್ಲಿ ಓಡಾಡಿದ ಕಾರಿನ ಮುಂಗಾಲಿಯ ಕಡೆ ಲಟಲಟ ಸದ್ದು ಬರುವುದುಂಟು. ಗಾಲಿಯನ್ನು ಹಿಡಿದಿಡುವ ಉಕ್ಕಿನ ತೋಳುಗಳ ಸಂದಿನಲ್ಲಿ ರಬ್ಬರಿನ ಬುಷ್‌ಗಳಿರುತ್ತವೆ. ರಬ್ಬರು ಸವೆದಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಟಾಮಿಯನ್ನು ಸಂದಿಗೆ ಕೊಟ್ಟು ಮೆಲ್ಲಗೆ ಮೀಟಿ ನೋಡುತ್ತಾರೆ. ತೋಳು ಸಡಿಲವಾಗಿ ಅಲ್ಲಾಡಿದರೆ ಬುಷ್ ಬದಲಿಸಬೇಕು. ಇಲ್ಲಿ ಟಾಮಿಯ ಕೆಲಸ ಬಲ ಹಾಕುವುದಲ್ಲ, ಒಳಗಿನ ಸಡಿಲವನ್ನು ಕೈಗೆ ತಿಳಿಸುವುದು. ನನಗೆ ಇದು ಬಹಳ ಸೊಗಸಿನ ಉಪಯೋಗ ಎನಿಸುತ್ತದೆ.

ಟಾಮಿಗಳಲ್ಲಿ ನೇರವಾದದ್ದು ಒಂದು ಬಗೆ, ಮೂತಿ ಬಾಗಿದ್ದು ಇನ್ನೊಂದು ಬಗೆ. ಬಾಗಿದ ಟಾಮಿಯ ಮೊಣಕೈಯೇ ಆನಿಕೆಯಾಗುತ್ತದೆ. ತುದಿಯಿಂದ ಮೊಣಕೈಗೆ 3 ಸೆಂಟಿಮೀಟರ್, ಮೊಣಕೈಯಿಂದ ಹಿಡಿಗೆ 45 ಸೆಂಟಿಮೀಟರ್ ಎಂದುಕೊಳ್ಳಿ. ನಲವತ್ತೈದನ್ನು ಮೂರರಿಂದ ಭಾಗಿಸಿದರೆ 15. ಕೈ 10 ಕಿಲೋ ಭಾರದಷ್ಟು ಒತ್ತಿದರೆ ತುದಿಯಲ್ಲಿ 150 ಕಿಲೋ ಭಾರದಷ್ಟು ಬಲ ಹುಟ್ಟುತ್ತದೆ! ಆದರೆ ಈ ಬಲ ಪುಕ್ಕಟೆ ಸಿಕ್ಕಿದ್ದಲ್ಲ. ತುದಿ 1 ಸೆಂಟಿಮೀಟರ್ ಏಳಬೇಕಾದರೆ ಕೈ 15 ಸೆಂಟಿಮೀಟರ್ ಇಳಿಯಬೇಕು. ಅದಕ್ಕೇ ಎಂಜಿನ್ನಿನ ಇಕ್ಕಟ್ಟಿನಲ್ಲಿ, ಕೈ ಆಡಿಸಲು ಎಡೆಯಿಲ್ಲದ ಕಡೆ ಉದ್ದನೆಯ ಟಾಮಿ ಉಪಯೋಗಕ್ಕೆ ಬಾರದು. ಅಲ್ಲಿಗೆ ಗೇಣುದ್ದದ್ದೇ ಸರಿ.

ಎಲ್ಲರೂ ಮರೆಯುವ ಸಂಗತಿ ಇನ್ನೊಂದಿದೆ. ತುದಿಯಲ್ಲಿ 150, ಕೈಯಲ್ಲಿ 10. ಹಾಗಾದರೆ ಆನಿಕೆಯ ಮೇಲೆ ಎಷ್ಟು? ಎರಡೂ ಕೂಡಿ 160 ಕಿಲೋ ಭಾರದಷ್ಟು! ಎಲ್ಲಕ್ಕಿಂತ ಹೆಚ್ಚು ಹೊರೆ ಬೀಳುವುದು ಆ ಸುಮ್ಮನಿರುವ ಜಾಗದ ಮೇಲೆ. ಬಂಡೆ ಎಬ್ಬಿಸುವವರು ಹಾರೆಯ ಅಡಿಗೆ ಹೆಂಟೆ ಇಡುವುದಿಲ್ಲ, ಗಟ್ಟಿ ಕಲ್ಲನ್ನೇ ಹುಡುಕಿ ಇಡುತ್ತಾರೆ. ಕಾರಿನಲ್ಲಿ ಮಾತ್ರ ಅಂಥ ಕಲ್ಲು ಎಲ್ಲ ಕಡೆ ಸಿಗುವುದಿಲ್ಲ. ಬಾಡಿಯ ತಗಡು ತಗ್ಗು ಬೀಳುತ್ತದೆ, ಅಲ್ಯೂಮಿನಿಯಂ ಎರಕದ ಭಾಗ ಸೀಳುತ್ತದೆ, ರೇಡಿಯೇಟರಿನ ತೆಳು ಪಟ್ಟಿಗಳು ಮಡಚಿಕೊಳ್ಳುತ್ತವೆ. ಟಾಮಿ ಆರಿಸುವ ಮೊದಲು ಆನಿಕೆ ಆರಿಸಬೇಕು. ದಪ್ಪ ಉಕ್ಕಿನ ಭಾಗವೇ ಸಿಕ್ಕಿದರೂ ಟಾಮಿಗೂ ಅದಕ್ಕೂ ನಡುವೆ ಒಂದು ಮರದ ತುಂಡು ಇಟ್ಟರೆ ಹೊರೆ ಅಗಲಕ್ಕೆ ಹರಡುತ್ತದೆ.

ಬಾಗಿಲಿನ ಒಳಹೊದಿಕೆ, ಡ್ಯಾಶ್‌ಬೋರ್ಡಿನ ಕ್ಲಿಪ್ಪುಗಳಿಗೆ ಉಕ್ಕು ಬೇಡವೇ ಬೇಡ. ನೈಲಾನಿನ ಮೀಟುಪಟ್ಟಿಗಳು ಬರುತ್ತವೆ. ಅವು ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ.

"ಸ್ಕ್ರೂಡ್ರೈವರ್ ಇದೆಯಲ್ಲ, ಅದರಿಂದಲೇ ಮೀಟಿದರಾಯಿತು" ಎನ್ನುವವರು ಬಹಳ. ಅದರ ಕಡ್ಡಿ 6 ಮಿಲಿಮೀಟರ್ ದಪ್ಪ, ಟಾಮಿಯದು 12 ಎಂದುಕೊಳ್ಳಿ. ದಪ್ಪ ಇಮ್ಮಡಿ ಅಷ್ಟೇ, ಆದರೆ ಉಕ್ಕು ಒಂದೇ ಬಗೆಯದಾದರೆ ಬಾಗದೆ ತಾಳುವ ಶಕ್ತಿ ಎರಡು ಎರಡಲೆ ನಾಲ್ಕು, ನಾಲ್ಕು ಎರಡಲೆ ಎಂಟು ಪಟ್ಟು. ಸ್ಕ್ರೂಡ್ರೈವರಿನ ತುದಿಯನ್ನು ತಿರುಪು ಸವೆಸದಂತೆ ತುಂಬ ಗಡಸು ಮಾಡಿರುತ್ತಾರೆ. ಗಡಸು ಉಕ್ಕು ಬಾಗುವ ಬದಲು ಚಟ್ಟನೆ ಮುರಿಯುತ್ತದೆ, ಚೂರು ಕಣ್ಣಿಗೆ ಹಾರಬಹುದು. ಟಾಮಿಗೆ ಪೈಪು ಸಿಕ್ಕಿಸಿ ಉದ್ದ ಹೆಚ್ಚಿಸಿದರೂ ಇದೇ ಅಪಾಯ, ಯಾಕೆಂದರೆ ಉದ್ದ ಹೆಚ್ಚಿದರೂ ದಪ್ಪ ಹೆಚ್ಚಲಿಲ್ಲ.

ಒಂದು ಕಾರಿರುವ ಮನೆಗೆ ಮೊಳದುದ್ದದ ಬಾಗಿದ ಮೂತಿಯ ಟಾಮಿ ಒಂದು, ಗೇಣುದ್ದದ್ದು ಒಂದು, ನೈಲಾನ್ ಪಟ್ಟಿ ಎರಡು ಇದ್ದರೆ ಸಾಕು. ಮಾರುದ್ದದ ಹಾರೆ ಹೊಲಕ್ಕೇ ಇರಲಿ.

ಮೀಟುವ ಕೆಲಸ ದೊಡ್ಡವರದು, ಗಮನಿಸುವ ಕೆಲಸ ನಿಮ್ಮದು. ಮೀಟಿದಾಗ ಕಾರು ಪಕ್ಕಕ್ಕೆ ಜಗ್ಗುತ್ತದೆ, ಬರೀ ಜಾಕಿನ ಮೇಲೆ ನಿಂತ ಕಾರು ಜಾರಿ ಬೀಳಬಹುದು. ಅಪ್ಪನೋ ಕಾಕಾನೋ ಕಾರಿನ ಅಡಿಗೆ ತೋಳು ಚಾಚುವ ಮುಂಚೆ, ಗಟ್ಟಿಯಾದ ಸ್ಟ್ಯಾಂಡು ಕೊಟ್ಟಿದ್ದೀರಾ, ಕಣ್ಣಿಗೆ ಕನ್ನಡಕ ಹಾಕಿದ್ದೀರಾ, ಆನಿಕೆ ಯಾವುದು ಎಂದು ಕೇಳಿ. ಉತ್ತರ ಬರುವ ತನಕ ಟಾಮಿಯನ್ನು ಅವರ ಕೈಗೆ ಕೊಡಬೇಡಿ.