‘ಓಡುತ್ತಾ?’ ಅನ್ನೋ ಒಂದೇ ಪ್ರಶ್ನೆ



ಕಳೆದ ವಾರ ನಮ್ಮ ಸ್ಟುಡಿಯೋಗೆ ಒಬ್ಬ ನಿರ್ಮಾಪಕರು ಬಂದಿದ್ದರು. ಮಾತು ಮಮ್ಮುಟ್ಟಿ ಅವರ ‘ಕಾತಲ್’ ಸಿನಿಮಾ ಕಡೆ ತಿರುಗಿತು. 72 ವರ್ಷದ ಒಬ್ಬ ಸೂಪರ್‌ಸ್ಟಾರ್ ತಾನೇ ದುಡ್ಡು ಹಾಕಿ, ಸಲಿಂಗಿ ಗಂಡನ ಪಾತ್ರವನ್ನು ತಾನೇ ಮಾಡಿದ ಸಿನಿಮಾ ಅದು. ನಾನು ಕೇಳಿದೆ, ‘ಸಾರ್, ಕನ್ನಡದಲ್ಲಿ ಇಂಥದ್ದು ಯಾವಾಗ?’ ಅವರು ನಕ್ಕು ಒಂದೇ ಪದ ಹೇಳಿದರು: ‘ಓಡುತ್ತಾ?’

ತಪ್ಪು ತಿಳಿಯಬೇಡಿ, ಅವರನ್ನು ನಾನು ದೂರುತ್ತಿಲ್ಲ. ಸಾಲ ತಂದು ಸಿನಿಮಾ ಮಾಡೋನಿಗೆ ಆ ಪ್ರಶ್ನೆ ಕೇಳೋ ಹಕ್ಕಿದೆ. ಗಾಂಧಿನಗರದಲ್ಲಿ ಎಲ್ಲ ಪ್ರಶ್ನೆಗಳೂ ಕೊನೆಗೆ ಬಂದು ನಿಲ್ಲೋದು ಅಲ್ಲೇ. ಆದರೆ ಆ ಪ್ರಶ್ನೆಗೆ ಉತ್ತರ ಇದೆ, ಅಂಕಿ-ಸಂಖ್ಯೆ ಸಮೇತ ಇದೆ. ಇವತ್ತು ಆ ಲೆಕ್ಕ ನೋಡೋಣ. ಲೆಕ್ಕ ಮುಗಿದ ಮೇಲೆ ನನ್ನದೇ ಒಂದು ಬಾಕಿ ಇದೆ, ಅದನ್ನೂ ಹೇಳ್ತೀನಿ.

ಮಾರ್ಚ್ 16, 2018. ಅಮೆರಿಕದಲ್ಲಿ ‘ಲವ್, ಸೈಮನ್’ ಅನ್ನೋ ಸಿನಿಮಾ ಬಿಡುಗಡೆ ಆಯ್ತು. ಗ್ರೆಗ್ ಬರ್ಲ್ಯಾಂಟಿ ನಿರ್ದೇಶನ. ಬೆಕಿ ಆಲ್ಬರ್ಟಲಿ ಬರೆದ ಕಾದಂಬರಿ ಆಧಾರ. ಕಥೆ ತುಂಬ ಸರಳ. ಸೈಮನ್ ಅಂತ ಒಬ್ಬ ಹದಿಹರೆಯದ ಹುಡುಗ, ಹೈಸ್ಕೂಲ್ ಕೊನೇ ವರ್ಷ. ಒಳ್ಳೇ ಅಪ್ಪ, ಒಳ್ಳೇ ಅಮ್ಮ, ಅಡುಗೆಯ ಹುಚ್ಚಿರೋ ಒಬ್ಬಳು ತಂಗಿ, ಜೀವಕ್ಕೆ ಜೀವ ಕೊಡೋ ಗೆಳೆಯರು. ಅವನಲ್ಲಿ ಒಂದು ಗುಟ್ಟಿದೆ, ತಾನು ಗೇ ಅಂತ. ಅದೇ ಶಾಲೆಯ ಇನ್ನೊಬ್ಬ ಹುಡುಗ ಹೆಸರು ಹೇಳದೆ ಇದೇ ಗುಟ್ಟನ್ನು ಬರೆದುಕೊಂಡಿರುತ್ತಾನೆ. ಇಬ್ಬರೂ ಸುಳ್ಳು ಹೆಸರಲ್ಲಿ ಇಮೇಲ್ ಬರೆದುಕೊಳ್ಳೋಕೆ ಶುರು ಮಾಡ್ತಾರೆ. ಮುಖ ನೋಡದೆ ಪ್ರೀತಿ ಹುಟ್ಟುತ್ತೆ. ನಂತರ ಆ ಇಮೇಲ್‌ಗಳು ಮೂರನೆಯವನ ಕೈಗೆ ಸಿಗುತ್ತವೆ, ಬ್ಲ್ಯಾಕ್‌ಮೇಲ್ ಶುರು. ಅಷ್ಟೇ ಕಥೆ.

ಹೊಸದೇನು ಹಾಗಾದ್ರೆ? ಇಂಥ ವಿಷಯದ ಸಿನಿಮಾ ಹಾಲಿವುಡ್‌ನಲ್ಲಿ ಬಂದೇ ಇರಲಿಲ್ಲವಾ? ಬಂದಿತ್ತು. 2005ರಲ್ಲಿ ‘ಬ್ರೋಕ್‌ಬ್ಯಾಕ್ ಮೌಂಟನ್’ ಬಂದಿತ್ತು. 2017ರ ಆಸ್ಕರ್ ಸಮಾರಂಭದಲ್ಲಿ ‘ಮೂನ್‌ಲೈಟ್’ ಅತ್ಯುತ್ತಮ ಚಿತ್ರ ಪ್ರಶಸ್ತಿ ಗೆದ್ದಿತ್ತು. ಆದರೆ ಅವೆಲ್ಲ ದೊಡ್ಡವರು ನೋಡಿ ನಿಟ್ಟುಸಿರು ಬಿಡೋ ಸಿನಿಮಾಗಳು. ಹದಿನಾರು ಹದಿನೇಳರ ಮಕ್ಕಳು ಪಾಪ್‌ಕಾರ್ನ್ ಹಿಡಿದು, ಗೆಳೆಯರ ಜೊತೆ ಹೋಗಿ, ನಕ್ಕು, ಅತ್ತು, ಕೊನೆಗೆ ಶಿಳ್ಳೆ ಹೊಡೆದು ಬರೋ ಕಾಲೇಜ್ ಲವ್ ಸ್ಟೋರಿ ಇದೆಯಲ್ಲ, ಅಂಥದ್ದನ್ನು ಗೇ ಹುಡುಗನನ್ನು ನಾಯಕ ಮಾಡಿ ಹಾಲಿವುಡ್‌ನ ದೊಡ್ಡ ಸ್ಟುಡಿಯೋ ಒಂದು ತೆಗೆದದ್ದು ಅದೇ ಮೊದಲು. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅದನ್ನು ಎರಡು ಸಾವಿರದ ನಾನೂರು ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿತು. ಅಂದ್ರೆ ಮಹಾನಗರದ ನಾಲ್ಕು ಮಲ್ಟಿಪ್ಲೆಕ್ಸ್‌ಗಳಲ್ಲಿ ಅಲ್ಲ, ಸಣ್ಣ ಊರಿನ ಮಾಲ್‌ಗಳಲ್ಲೂ.

ಈಗ ಲೆಕ್ಕ. ಮೊದಲ ಮೂರು ದಿನದ ಗಳಿಕೆ ಸುಮಾರು 1 ಕೋಟಿ 17 ಲಕ್ಷ ಡಾಲರ್. ಆ ವಾರದ ಪಟ್ಟಿಯಲ್ಲಿ ಐದನೇ ಸ್ಥಾನ. ಮೊದಲನೇ ಸ್ಥಾನದಲ್ಲಿ, ಐದನೇ ವಾರ ಓಡ್ತಾ ಇದ್ದ ‘ಬ್ಲ್ಯಾಕ್ ಪ್ಯಾಂಥರ್’. ಎರಡನೇದು ‘ಟೂಂಬ್ ರೈಡರ್’. ಇಲ್ಲಿಗೆ ನಿಲ್ಲಿಸಿದ್ರೆ ನಮ್ಮ ನಿರ್ಮಾಪಕರು ಹೇಳಿದ್ದೇ ಸರಿ. ಐದನೇ ಸ್ಥಾನ ಸ್ವಾಮಿ, ಏನು ಮಹಾ?

ನಿಲ್ಲಿಸಬೇಡಿ. ನಾನು ಓದಿದ್ದು ಎಂಜಿನಿಯರಿಂಗ್. ಲ್ಯಾಬಿನಲ್ಲಿ ಕೆಪಾಸಿಟರ್ ಚಾರ್ಜ್ ಮಾಡಿ ಬಿಟ್ಟರೆ ವೋಲ್ಟೇಜ್ ಹೇಗೆ ಇಳಿಯುತ್ತೆ ಅಂತ ಗ್ರಾಫ್ ಬರೆಸ್ತಿದ್ದರು. ಎಷ್ಟು ಎತ್ತರದಿಂದ ಶುರುವಾಯ್ತು ಅನ್ನೋದಕ್ಕಿಂತ ಎಷ್ಟು ನಿಧಾನವಾಗಿ ಇಳಿಯಿತು ಅನ್ನೋದರಲ್ಲೇ ವಿಷಯ ಇರೋದು. ಸಿನಿಮಾನೂ ಹಾಗೇ. ಮೊದಲ ವಾರದ ಗಳಿಕೆ ಜಾಹೀರಾತಿನದ್ದು, ಪೋಸ್ಟರಿನದ್ದು, ಸ್ಟಾರ್‌ನದ್ದು. ಎರಡನೇ ವಾರದಿಂದ ಆಗೋದು ಜನರ ಬಾಯಿಮಾತಿನದ್ದು. ಈಗಿನ ದೊಡ್ಡ ಸಿನಿಮಾಗಳು ಎಷ್ಟೋ ಸಲ ಮೊದಲ ವಾರಾಂತ್ಯದ ಎರಡೂವರೆ ಪಟ್ಟು ಮುಟ್ಟೋಷ್ಟರಲ್ಲಿ ಸುಸ್ತಾಗ್ತವೆ. ‘ಲವ್, ಸೈಮನ್’ ಅಮೆರಿಕ ಮತ್ತು ಕೆನಡಾದಲ್ಲಿ ಒಟ್ಟು ಗಳಿಸಿದ್ದು 4 ಕೋಟಿ 8 ಲಕ್ಷ ಡಾಲರ್. ಭಾಗಿಸಿ ನೋಡಿ. ಹತ್ತಿರ ಹತ್ತಿರ ಮೂರೂವರೆ ಪಟ್ಟು.

ಜಗತ್ತಿನಾದ್ಯಂತ ಒಟ್ಟು 6 ಕೋಟಿ 60 ಲಕ್ಷ ಡಾಲರ್ ಆಸುಪಾಸು. ಆಗಿನ ಡಾಲರ್ ಬೆಲೆಯಲ್ಲಿ ನಮ್ಮ 400 ಕೋಟಿ ರೂಪಾಯಿಗೂ ಮೀರಿ. ಹಾಕಿದ ಬಂಡವಾಳ ಎಷ್ಟು ಅಂದ್ರೆ, ಒಂದರಿಂದ ಒಂದೂ ಮುಕ್ಕಾಲು ಕೋಟಿ ಡಾಲರ್ ಒಳಗೆ. ಟಿಕೆಟ್ ದುಡ್ಡಲ್ಲಿ ಸುಮಾರು ಅರ್ಧ ಥಿಯೇಟರ್‌ನವರದ್ದು, ಪ್ರಚಾರದ ಖರ್ಚು ಬೇರೆ. ಎಲ್ಲ ಕಳೆದರೂ ಇದು ಕೈ ಸುಟ್ಟುಕೊಂಡ ಸಿನಿಮಾ ಅಲ್ಲ. ಬ್ಲಾಕ್‌ಬಸ್ಟರೂ ಅಲ್ಲ. ಮರ್ಯಾದೆಯಿಂದ ಗೆದ್ದ ಸಿನಿಮಾ.

ಇನ್ನೊಂದು ಅಂಕಿ ಇದೆ. ಅಮೆರಿಕದಲ್ಲಿ ಸಿನಿಮಾಸ್ಕೋರ್ ಅಂತ ಒಂದು ಸಂಸ್ಥೆ ಇದೆ. ಬಿಡುಗಡೆಯ ದಿನ ಥಿಯೇಟರಿನಿಂದ ಹೊರಗೆ ಬರೋ ಪ್ರೇಕ್ಷಕರ ಕೈಗೆ ಕಾರ್ಡ್ ಕೊಟ್ಟು ಅಂಕ ಹಾಕಿಸುತ್ತೆ. ‘ಲವ್, ಸೈಮನ್’ಗೆ ಸಿಕ್ಕಿದ್ದು ಎ ಪ್ಲಸ್. ಅದಕ್ಕಿಂತ ಮೇಲೆ ಅಂಕವೇ ಇಲ್ಲ. ವರ್ಷಕ್ಕೆ ಬೆರಳೆಣಿಕೆ ಸಿನಿಮಾಗಳಿಗೆ ಸಿಗುತ್ತೆ.

ಈಗ ನನಗೆ ತುಂಬ ಇಷ್ಟವಾದ ವಿಷಯ. ಅದೇ ದಿನ, ಅದೇ ಮಾರ್ಚ್ 16ರಂದು, ಅಮೆರಿಕದಲ್ಲಿ ಇನ್ನೊಂದು ಸಿನಿಮಾ ಬಿಡುಗಡೆ ಆಯ್ತು. ‘ಐ ಕ್ಯಾನ್ ಓನ್ಲಿ ಇಮ್ಯಾಜಿನ್’. ಪಕ್ಕಾ ಭಕ್ತಿಪ್ರಧಾನ ಕ್ರೈಸ್ತ ಚಿತ್ರ. ಒಬ್ಬ ಗಾಯಕ, ಅವನನ್ನು ಚಿಕ್ಕಂದಿನಲ್ಲಿ ಹೊಡೆದು ಬಡಿದು ಬೆಳೆಸಿದ ಅಪ್ಪ, ಕೊನೆಗೆ ಆ ಅಪ್ಪನನ್ನು ಮಗ ಕ್ಷಮಿಸೋ ಕಥೆ. ಬಜೆಟ್ ಕೇವಲ 70 ಲಕ್ಷ ಡಾಲರ್. ಆ ವಾರ ಅದು ಮೂರನೇ ಸ್ಥಾನಕ್ಕೆ ಬಂತು. ಕೊನೆಗೆ ಅಮೆರಿಕದಲ್ಲೇ 8 ಕೋಟಿ 30 ಲಕ್ಷ ಡಾಲರ್ ದಾಟಿತು. ‘ಲವ್, ಸೈಮನ್’ನ ಎರಡರಷ್ಟು! ಸಿನಿಮಾಸ್ಕೋರ್ ಎಷ್ಟು ಗೊತ್ತಾ? ಅದಕ್ಕೂ ಎ ಪ್ಲಸ್.

ಒಂದೇ ಶುಕ್ರವಾರ. ಒಂದೇ ಮಾಲ್. ಪಕ್ಕಪಕ್ಕದ ಎರಡು ಪರದೆ. ಒಂದರಲ್ಲಿ ಚರ್ಚ್‌ನಿಂದ ಗುಂಪಾಗಿ ಬಂದವರು. ಇನ್ನೊಂದರಲ್ಲಿ ಬಣ್ಣದ ಕೂದಲಿನ ಹುಡುಗ ಹುಡುಗಿಯರು. ಹೊರಗೆ ಟಿವಿ ಚರ್ಚೆಯಲ್ಲಿ ಈ ಎರಡು ಗುಂಪನ್ನೂ ಎದುರುಬದುರು ಕೂರಿಸಿ ಜಗಳ ಹಚ್ತೀವಿ ನಾವು. ಆದರೆ ಇಬ್ಬರೂ ಕತ್ತಲಲ್ಲಿ ಕೂತು ಕಣ್ಣೊರೆಸಿಕೊಂಡಿದ್ದು ಯಾವುದಕ್ಕೆ? ಎರಡೂ ಸಿನಿಮಾದಲ್ಲಿ ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಿ ಮಾತಾಡೋ ದೃಶ್ಯಕ್ಕೆ.

ನಮಗೆ ಅಭಿಮಾನ ಹೊಸದಲ್ಲ. ಅಭಿಮಾನಿಗಳನ್ನೇ ದೇವರು ಅಂದ ಡಾ. ರಾಜ್‌ಕುಮಾರ್ ಅವರ ನಾಡು ಇದು. ಕಟೌಟಿಗೆ ಹಾಲು ಸುರಿಯೋದನ್ನು, ಬೆಳಗಿನ ಜಾವದ ಶೋಗೆ ತಮಟೆ ಹೊಡೆಸೋದನ್ನು ಕಂಡವರು ನಾವು. ಆದರೆ ‘ಲವ್, ಸೈಮನ್’ಗೆ ಕಟೌಟ್ ನಿಲ್ಲಿಸೋಕೆ ಸ್ಟಾರ್ ಎಲ್ಲಿದ್ದ? ನಾಯಕ ನಿಕ್ ರಾಬಿನ್ಸನ್ ಆಗ ಇಪ್ಪತ್ತೆರಡರ ಹುಡುಗ. ಆದ್ರೂ ಜನ ಎರಡು ಸಲ, ಮೂರು ಸಲ ಹೋದರು. ಮೊದಲ ಸಲ ಒಬ್ಬರೇ, ಎರಡನೇ ಸಲ ಗೆಳೆಯರ ಜೊತೆ, ಮೂರನೇ ಸಲ ಅಪ್ಪ ಅಮ್ಮನನ್ನು ಕರೆದುಕೊಂಡು. ಬಾಯಲ್ಲಿ ಹೇಳಲಾಗದ್ದನ್ನು ಟಿಕೆಟ್ ಕೊಡಿಸಿ ಹೇಳಿದವರಿದ್ದರು. ನಟ ಮ್ಯಾಟ್ ಬೋಮರ್ ತಾನು ಬೆಳೆದ ಟೆಕ್ಸಾಸ್‌ನ ಸ್ಪ್ರಿಂಗ್ ಅನ್ನೋ ಊರಲ್ಲಿ ಒಂದು ಇಡೀ ಶೋ ಕೊಂಡು ಊರವರಿಗೆ ಉಚಿತವಾಗಿ ತೋರಿಸಿದ. ಸೈಮನ್‌ನ ತಾಯಿಯ ಪಾತ್ರ ಮಾಡಿದ ಜೆನಿಫರ್ ಗಾರ್ನರ್ ಸೇರಿ ಇನ್ನೂ ಹಲವರು ಇದೇ ಕೆಲಸ ಮಾಡಿದರು. ನಿಕ್ ರಾಬಿನ್ಸನ್‌ನ ಸ್ವಂತ ಸಹೋದರನೇ, ಈ ಸಿನಿಮಾ ಚಿತ್ರೀಕರಣ ನಡೀತಿದ್ದ ಹೊತ್ತಲ್ಲಿ ತಾನು ಗೇ ಅಂತ ಮನೆಯಲ್ಲಿ ಹೇಳಿಕೊಂಡ. ಇದನ್ನು ಹೇಳಿದ್ದು ನಿಕ್ಕೇ.

ಹಾಗಂತ ಇದನ್ನೇ ಹಿಡಿದು, ‘ನೋಡಿ, ಇಂಥ ಸಿನಿಮಾ ಮಾಡಿದ್ರೆ ಓಡೇ ಓಡುತ್ತೆ’ ಅಂತ ನಾನು ಹೇಳಿದರೆ ಮೋಸ ಆಗುತ್ತೆ. 2022ರಲ್ಲಿ ‘ಬ್ರೋಸ್’ ಬಂತು. ಯೂನಿವರ್ಸಲ್‌ನಂಥ ದೊಡ್ಡ ಸ್ಟುಡಿಯೋ, ‘ಲವ್, ಸೈಮನ್’ಗಿಂತ ಜಾಸ್ತಿ ಬಜೆಟ್, ಮೂರು ಸಾವಿರಕ್ಕೂ ಹೆಚ್ಚು ಥಿಯೇಟರ್. ಮೊದಲ ವಾರಾಂತ್ಯ 50 ಲಕ್ಷ ಡಾಲರನ್ನೂ ಮುಟ್ಟಲಿಲ್ಲ. ನಾಯಕ ಬಿಲ್ಲಿ ಐಕ್ನರ್ ಬೇಸರದಲ್ಲಿ, ಉಳಿದ ಜನ ನೋಡೋಕೆ ಬರಲೇ ಇಲ್ಲ ಅಂತ ಬಹಿರಂಗವಾಗಿ ಬರೆದರು. ಅಲ್ಲೂ ಹೊರಗೆ ಬಂದ ಪ್ರೇಕ್ಷಕರು ಒಳ್ಳೇ ಅಂಕವನ್ನೇ ಕೊಟ್ಟಿದ್ದರು. ಆದರೆ ಒಳಗೆ ಹೋದವರೇ ಕಡಿಮೆ. ಅದು ವಯಸ್ಕರ ಸಿನಿಮಾ, ಹದಿಹರೆಯದ ಮಕ್ಕಳು ಅಪ್ಪ ಅಮ್ಮನನ್ನು ಕರಕೊಂಡು ಹೋಗೋ ಸಿನಿಮಾ ಅಲ್ಲ. ಕೋವಿಡ್ ಆದಮೇಲೆ ಇಂಥ ಕಥೆಗಳನ್ನು ಮೊಬೈಲಲ್ಲಿ, ಒಬ್ಬರೇ, ಹೆಡ್‌ಫೋನ್ ಹಾಕಿಕೊಂಡು ನೋಡೋ ಅಭ್ಯಾಸವೂ ಬಂದುಬಿಟ್ಟಿತ್ತು. ‘ಲವ್, ಸೈಮನ್’ನ ಮುಂದಿನ ಕಥೆ ‘ಲವ್, ವಿಕ್ಟರ್’ ಕೂಡ 2020ರಲ್ಲಿ ಬಂದದ್ದು ಥಿಯೇಟರಿಗಲ್ಲ, ಓಟಿಟಿಗೆ. ಹಾಗಾಗಿ ವಿಷಯ ಒಂದೇ ಸಿನಿಮಾವನ್ನು ಓಡಿಸೋದೂ ಇಲ್ಲ, ಮುಳುಗಿಸೋದೂ ಇಲ್ಲ.

ಇನ್ನು ನಮ್ಮ ಕಡೆ ಬರೋಣ. ‘ಲವ್, ಸೈಮನ್’ ಬಂದ ಆರು ತಿಂಗಳಿಗೆ, 2018ರ ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಸರ್ವಾನುಮತದಿಂದ 377ನೇ ಸೆಕ್ಷನ್‌ನ ಹಲ್ಲು ಕಿತ್ತರು. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂದರು. ಇತಿಹಾಸ ಈ ಜನರ ಕ್ಷಮೆ ಕೇಳಬೇಕಿದೆ ಅನ್ನೋ ಅರ್ಥದಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು.

ಅವತ್ತು ಸಂಜೆ ನಾನೊಂದು ಚರ್ಚೆ ನಡೆಸಿಕೊಟ್ಟೆ. ಈಗಿನ ಚಾನೆಲ್ ಅಲ್ಲ, ಹಿಂದಿನದು. ಪ್ಯಾನೆಲ್‌ನಲ್ಲಿ ಒಬ್ಬರು ಒಂದು ಕೀಳು ಜೋಕ್ ಹೇಳಿದರು. ಏನಂತ ಈಗ ಹೇಳಲ್ಲ. ನಾನು ನಕ್ಕೆ. ಕ್ಯಾಮೆರಾ ನನ್ನ ಮೇಲೇ ಇತ್ತು. ಒಂದು ಮೂರು ಸೆಕೆಂಡ್ ಇರಬೇಕು. ಆ ವಾರದ ಟಿಆರ್‌ಪಿಯಲ್ಲಿ ಆ ಅರ್ಧ ಗಂಟೆ ಚೆನ್ನಾಗಿ ಬಂತು, ಎಲ್ಲರೂ ಬೆನ್ನು ತಟ್ಟಿದರು. ಅಂದ್ರೆ, ಓಡಿತು.

ಹತ್ತು ದಿನ ಆದಮೇಲೆ ಒಂದು ಮೆಸೇಜ್ ಬಂತು. ದಾವಣಗೆರೆ ಕಡೆಯ ಹುಡುಗ, ಎಂಜಿನಿಯರಿಂಗ್ ಎರಡನೇ ವರ್ಷ. ಬೈಗುಳ ಇರಲಿಲ್ಲ. ಇಷ್ಟೇ ಬರೆದಿದ್ದ: ‘ಸಾರ್, ಅವತ್ತು ಅಪ್ಪನ ಪಕ್ಕ ಕೂತು ನಿಮ್ಮ ಪ್ರೋಗ್ರಾಂ ನೋಡ್ತಿದ್ದೆ. ಕೋರ್ಟ್ ಸುದ್ದಿ ಮುಗಿದ ಮೇಲೆ ಅಪ್ಪನಿಗೆ ಹೇಳಿಬಿಡೋಣ ಅಂತಿದ್ದೆ. ನೀವು ನಕ್ಕಿರಿ. ಅಪ್ಪನೂ ನಕ್ಕರು. ನಾನು ಎದ್ದು ರೂಮಿಗೆ ಹೋದೆ.’

ನಾನು ಉತ್ತರ ಬರೆಯಲಿಲ್ಲ. ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ ಅಂತ ಅವತ್ತು ಸಮಾಧಾನ ಮಾಡಿಕೊಂಡೆ. ನಿಜ ಏನಂದ್ರೆ, ಧೈರ್ಯ ಬರಲಿಲ್ಲ. ನಂತರ ಫೋನ್ ಬದಲಾಯ್ತು, ನಂಬರ್ ಹೋಯ್ತು.

‘ಲವ್, ಸೈಮನ್’ ನಾನು ನೋಡಿದ್ದು ಇದಾದ ಎಷ್ಟೋ ದಿನದ ಮೇಲೆ. ಅದರಲ್ಲಿ ಸೈಮನ್‌ನ ಅಪ್ಪ ಕೆಟ್ಟವನಲ್ಲ. ಮಗನನ್ನು ಕಂಡ್ರೆ ಪ್ರಾಣ. ಮನೆಯವರೆಲ್ಲ ಒಟ್ಟಿಗೆ ಟಿವಿ ನೋಡ್ತಾ ಕೂತಾಗ ಇಂಥದ್ದೇ ಜೋಕ್ ಹೊಡೀತಾನೆ, ಸುಮ್ಮನೆ, ನಗಿಸೋಕೆ. ಮಗ ಪಕ್ಕದಲ್ಲೇ ಕೂತಿರ್ತಾನೆ. ಎಲ್ಲ ಗೊತ್ತಾದ ಮೇಲೆ ಆ ಅಪ್ಪನಿಗೆ ತಡೆಯಲಾಗದೆ ಇರೋದು ಮಗ ಗೇ ಅನ್ನೋದಲ್ಲ, ಇಷ್ಟು ವರ್ಷ ತಾನು ಹೊಡೆದ ಆ ಜೋಕುಗಳು. ಅವನು ಅಳ್ತಾನೆ, ಮಗನ ಕ್ಷಮೆ ಕೇಳ್ತಾನೆ. ಆ ದೃಶ್ಯದಲ್ಲಿ ನಾನು ಸಿನಿಮಾ ನಿಲ್ಲಿಸಿದೆ. ಸ್ವಲ್ಪ ಹೊತ್ತು ಆಮೇಲೆ ಮುಂದುವರಿಸಿದೆ.

ಟಿಆರ್‌ಪಿ ಮೀಟರ್ ಒಂದು ಮನೆಯಲ್ಲಿ ಟಿವಿ ಎಷ್ಟು ನಿಮಿಷ ನೋಡಿದರು ಅಂತ ಅಳೆಯುತ್ತೆ. ಸೋಫಾದಿಂದ ಒಬ್ಬರು ಯಾಕೆ ಎದ್ದು ಹೋದರು ಅಂತ ಅಳೆಯಲ್ಲ. ಬಾಕ್ಸ್ ಆಫೀಸೂ ಅಷ್ಟೇ. 4 ಕೋಟಿ 8 ಲಕ್ಷ ಡಾಲರ್ ಅನ್ನುತ್ತೆ. ಅದರಲ್ಲಿ ಎಷ್ಟು ಟಿಕೆಟ್ಟು ಮಗ ಅಪ್ಪನಿಗೆ ಕೊಡಿಸಿದ್ದು ಅಂತ ಹೇಳಲ್ಲ. ಆ ಹುಡುಗರು ಆ ಸಿನಿಮಾವನ್ನು ಅಷ್ಟು ಹಚ್ಚಿಕೊಂಡಿದ್ದು ಅದು ಮಹಾನ್ ಕಲಾಕೃತಿ ಅಂತ ಅಲ್ಲ. ಅಪ್ಪನ ಪಕ್ಕದ ಸೀಟಿನಿಂದ ಎದ್ದು ಹೋಗದೆ ಪೂರ್ತಿ ಕೂತು ನೋಡಬಹುದಾಗಿದ್ದ ಸಿನಿಮಾ ಅದು, ಅದಕ್ಕೆ.

ಕನ್ನಡದಲ್ಲಿ ಇದಕ್ಕೆ ನೆಲ ಇಲ್ಲ ಅನ್ನಬೇಡಿ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ವಸುಧೇಂದ್ರ ಅವರು 2013ರಲ್ಲೇ ‘ಮೋಹನಸ್ವಾಮಿ’ ಬರೆದರು. ಆ ಪುಸ್ತಕ ಮರುಮುದ್ರಣ ಕಂಡಿತು, ಇಂಗ್ಲಿಷಿಗೂ ಹೋಯಿತು. ‘ನಾನು ಅವನಲ್ಲ ಅವಳು’ ಬೇರೆಯದೇ ಬದುಕಿನ ಕಥೆ, ಆದ್ರೂ ಆ ಪಾತ್ರಕ್ಕೆ ನಮ್ಮ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ತಂದರು. ಓದುಗರು ಸಿಕ್ಕರು, ನಟರು ಸಿಕ್ಕರು. ಪ್ರೇಕ್ಷಕರು ಸಿಗಲ್ಲ ಅಂತ ಪರೀಕ್ಷೆಗೆ ಮೊದಲೇ ರಿಸಲ್ಟ್ ಹೇಳೋದು ಯಾವ ನ್ಯಾಯ?

ನಮ್ಮ ನಿರ್ಮಾಪಕರಿಗೆ ನನ್ನ ಉತ್ತರ ಇಷ್ಟು. ಸಾರ್, ಓಡುತ್ತಾ ಅಂದ್ರೆ, ಕಡಿಮೆ ಖರ್ಚಲ್ಲಿ, ಮನೆಮಂದಿಯೆಲ್ಲ ಕೂತು ನೋಡೋ ಹಾಗೆ, ನಗಿಸಿ ಅಳಿಸೋ ಹಾಗೆ ಮಾಡಿದರೆ ಓಡಬಹುದು. ಓಡಿದ ಉದಾಹರಣೆ ಇದೆ, ಓಡದ ಉದಾಹರಣೆಯೂ ಇದೆ.

ಮತ್ತೆ ದಾವಣಗೆರೆಯ ಆ ಹುಡುಗನಿಗೆ. ಈಗ ಓದು ಮುಗಿದಿರಬೇಕು, ಎಲ್ಲೋ ಕೆಲಸದಲ್ಲಿರಬೇಕು. ಎಷ್ಟೋ ವರ್ಷ ತಡವಾಗಿ ಉತ್ತರ ಬರೀತಿದ್ದೀನಿ. ಅವತ್ತು ನಾನು ನಗಬಾರದಿತ್ತು. ತಪ್ಪಾಯ್ತು. ಅಪ್ಪ ಅವತ್ತು ನಕ್ಕಿದ್ದು ನನ್ನನ್ನು ನೋಡಿ ಇರಬಹುದು ತಮ್ಮಾ. ಇನ್ನೊಂದು ಸಲ ಅವರ ಪಕ್ಕ ಕೂತು ನೋಡು. ಟಿವಿ ಆಫ್ ಮಾಡಿ.