ಚಿಕ್ಕ ಟ್ರಾಕ್ಟರಿನ ಚಕ್ರದ ಹಿಡಿತ: ಅದಕ್ಕಾಗಿರುವ ಸಾಧನಗಳೂ ಅವುಗಳ ಉಪಯೋಗವೂ

(ಜಮೀನುದಾರರ ಮತ್ತು ಗ್ರಾಮಮುಖ್ಯಸ್ಥರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಕೆಸರಿನಲ್ಲಿ ಎತ್ತಿನ ಕಾಲು ಜಾರಿದರೆ ಅದು ತಾನಾಗಿಯೇ ನಿಂತುಬಿಡುತ್ತದೆ. ಟ್ರಾಕ್ಟರಿಗೆ ಆ ವಿವೇಕವಿಲ್ಲ. ಚಕ್ರವು ಒಮ್ಮೆ ಜಾರತೊಡಗಿದರೆ ನಿಂತಲ್ಲಿಯೇ ತಿರುಗಿ, ತನ್ನ ಕೆಳಗೆ ತಾನೇ ಹಳ್ಳ ತೋಡಿಕೊಂಡು, ಅಚ್ಚಿನವರೆಗೂ ಇಳಿಯುವುದು. ಅಷ್ಟು ಹೊತ್ತಿಗೆ ಎಣ್ಣೆ ಉರಿದು, ಟೈರು ಸವೆದು, ಬಿತ್ತನೆಯ ಹದವೂ ಕಳೆದಿರುತ್ತದೆ. ಅವಸರದಿಂದ ಅದನ್ನು ಮೇಲೆತ್ತಲು ಹೋದರೆ ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ಟ್ರಾಕ್ಟರನ್ನು ಕೊಳ್ಳುವವರು ಎಂಜಿನಿನ ಅಶ್ವಶಕ್ತಿಯನ್ನು ಮಾತ್ರ ವಿಚಾರಿಸಿದರೆ ಸಾಲದು. ಆ ಶಕ್ತಿಯನ್ನು ನೆಲಕ್ಕೆ ಮುಟ್ಟಿಸುವ ಚಕ್ರದ ಹಿಡಿತವನ್ನೂ ವಿಚಾರಿಸತಕ್ಕದ್ದು.

ಹಿಡಿತದ ತತ್ತ್ವ

ಗಟ್ಟಿಯಾದ ಹೊಲದಲ್ಲಿ ಎಂಜಿನಿನಿಂದ ತಿರುಗುವ ಚಕ್ರವು ತನ್ನ ಮೇಲಿರುವ ಭಾರದ ಸುಮಾರು ಅರ್ಧದಷ್ಟನ್ನು ಎಳೆಯಬಲ್ಲದು. ಸಡಿಲವಾದ ಅಥವಾ ಒದ್ದೆಯಾದ ನೆಲದಲ್ಲಿ ಇದು ಬಹಳ ಕಡಿಮೆಯಾಗುತ್ತದೆ. ಸುಮಾರು 20 ಅಶ್ವಶಕ್ತಿಯ ಚಿಕ್ಕ ಟ್ರಾಕ್ಟರುಗಳಲ್ಲಿ ಅನೇಕವು 1000 ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತವೆ. ಅಡಕೆ ತೋಟದ ಸಾಲುಗಳ ನಡುವೆ, ಚಿಕ್ಕ ಗದ್ದೆಗಳ ಮೂಲೆಗಳಲ್ಲಿ ಸುಲಭವಾಗಿ ಓಡಾಡಲು ಈ ಹಗುರತನವು ಒಳ್ಳೆಯದೇ. ಎಳೆಯುವ ಕೆಲಸಕ್ಕೆ ಮಾತ್ರ ಅದೇ ಕೊರತೆಯಾಗುತ್ತದೆ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಮುಂದೆ ಹೇಳುವ ಸಾಧನಗಳಿವೆ.

ಚಕ್ರವು ಎಷ್ಟು ಜಾರುತ್ತಿದೆಯೆಂಬುದನ್ನು ಪ್ರತಿಯೊಬ್ಬ ರೈತನೂ ತನ್ನ ಹೊಲದಲ್ಲಿಯೇ ಅಳೆಯಬಹುದು. ಹಿಂದಿನ ಟೈರಿನ ಮೇಲೆ ಸುಣ್ಣದಿಂದ ಒಂದು ಗುರುತು ಮಾಡಿ, ನೇಗಿಲನ್ನು ಎತ್ತಿಕೊಂಡು ಚಕ್ರವು 10 ಸುತ್ತು ತಿರುಗುವಷ್ಟು ದೂರವನ್ನು ಅಳೆಯಿರಿ. ಬಳಿಕ ನೇಗಿಲನ್ನು ಇಳಿಸಿ ಉಳುತ್ತಾ ಅದೇ 10 ಸುತ್ತಿನ ದೂರವನ್ನು ಅಳೆಯಿರಿ. ಮೊದಲನೆಯದು 30 ಮೀಟರೂ ಎರಡನೆಯದು 26 ಮೀಟರೂ ಆದರೆ ಜಾರಿಕೆಯು ನೂರಕ್ಕೆ 13ರಷ್ಟಾಯಿತು. ಉಳುಮೆಯಲ್ಲಿ ನೂರಕ್ಕೆ 10ರಿಂದ 15ರವರೆಗಿನ ಜಾರಿಕೆ ಸಹಜವಾದುದು. ಎರಡನೆಯ ಅಳತೆಯು 21 ಮೀಟರಿಗೆ ಇಳಿದರೆ ನೂರಕ್ಕೆ 30 ಪಾಲು ಓಟವು ವ್ಯರ್ಥವಾಗುತ್ತಿದೆಯೆಂದು ತಿಳಿದು, ಕೆಲಸವನ್ನು ನಿಲ್ಲಿಸಿ ಕಾರಣವನ್ನು ಹುಡುಕತಕ್ಕದ್ದು.

ಟೈರು ಮತ್ತು ಗಾಳಿ

ಮೊದಲು ಟ್ರಾಕ್ಟರುಗಳಿಗೆ ಹಲ್ಲುಗಳುಳ್ಳ ಕಬ್ಬಿಣದ ಚಕ್ರಗಳೇ ಇದ್ದುವು. ಅಮೆರಿಕೆಯ ಅಲಿಸ್-ಚಾಮರ್ಸ್ ಕಂಪನಿಯು 1932ರಲ್ಲಿ ಗಾಳಿ ತುಂಬಿದ ರಬ್ಬರು ಟೈರುಗಳ ಟ್ರಾಕ್ಟರನ್ನು ಮಾರಾಟಕ್ಕೆ ತಂದ ಬಳಿಕ ಆ ಪದ್ಧತಿಯು ಬದಲಾಯಿತು. ಹಿಂದಿನ ಟೈರಿನ ದಪ್ಪ ಗೆರೆಗಳು ಬಾಣದ ಆಕಾರದಲ್ಲಿರುತ್ತವೆ. ಮೇಲಿನಿಂದ ನೋಡಿದಾಗ ಬಾಣದ ಮೊನೆಯು ಮುಂದಕ್ಕೆ ಇರಬೇಕು. ತಿರುಗಿಸಿ ಜೋಡಿಸಿದರೆ ಗೆರೆಗಳ ನಡುವೆ ಮಣ್ಣು ಕಚ್ಚಿಕೊಂಡು ಟೈರು ನುಣುಪಾಗುತ್ತದೆ. ಗೆರೆಗಳು ಸವೆದುಹೋದ ಟೈರಿನಿಂದ ಕೆಸರಿನಲ್ಲಿ ಕೆಲಸವನ್ನು ನಿರೀಕ್ಷಿಸಲಾಗದು.

ಹೊಲದಲ್ಲಿ ಗಾಳಿಯು ಸ್ವಲ್ಪ ಕಡಿಮೆಯಿದ್ದರೆ ಟೈರು ನೆಲವನ್ನು ಅಗಲವಾಗಿ ಹಿಡಿಯುತ್ತದೆ. ರಸ್ತೆಯಲ್ಲಿ ಹೇರು ಎಳೆಯುವಾಗ ಹೆಚ್ಚಿನ ಗಾಳಿ ಬೇಕು. ಎರಡಕ್ಕೂ ತಯಾರಕರು ಪುಸ್ತಕದಲ್ಲಿ ಕೊಟ್ಟ ಅಳತೆಯನ್ನು ಮೀರಬಾರದು.

ಭಾರವನ್ನು ಹೆಚ್ಚಿಸುವುದು

ಹಿಂದಿನ ಟೈರುಗಳಲ್ಲಿ ಮುಕ್ಕಾಲು ಪಾಲು ನೀರನ್ನು ತುಂಬಿ, ಉಳಿದುದಕ್ಕೆ ಗಾಳಿ ಹಾಕುವ ಪದ್ಧತಿಯುಂಟು. ಚಕ್ರಗಳಿಗೆ ಎರಕದ ಕಬ್ಬಿಣದ ಬಿಲ್ಲೆಗಳನ್ನೂ ಕಟ್ಟಬಹುದು. ಹಿಂಬದಿಗೆ ಭಾರವಾದ ಉಪಕರಣವನ್ನು ಹೂಡಿದಾಗ ಮುಂದಿನ ಚಕ್ರಗಳು ಹಗುರವಾಗುವುದರಿಂದ ಮುಂಭಾಗಕ್ಕೂ ತೂಕ ಬೇಕಾಗುತ್ತದೆ. ಆದರೆ ಅವಶ್ಯಕ್ಕಿಂತ ಹೆಚ್ಚು ಭಾರವು ನೆಲವನ್ನು ಅದುಮಿ, ಬೇರಿಗೆ ಕೇಡನ್ನೂ ಎಣ್ಣೆಗೆ ಹೆಚ್ಚು ಖರ್ಚನ್ನೂ ತರುವುದು.

ಭಾರವನ್ನು ಹೇರದೆಯೇ ಹಿಡಿತವನ್ನು ಹೆಚ್ಚಿಸುವ ಉಪಾಯವನ್ನು ಐರಿಷ್ ಯಂತ್ರಜ್ಞ ಹ್ಯಾರಿ ಫರ್ಗ್ಯುಸನ್ ರೂಪಿಸಿದನು. 1936ರಲ್ಲಿ ಮಾರಾಟಕ್ಕೆ ಬಂದ ಫರ್ಗ್ಯುಸನ್-ಬ್ರೌನ್ ಟ್ರಾಕ್ಟರಿನಲ್ಲಿ ನೇಗಿಲನ್ನು ಮೂರು ಬಿಂದುಗಳಲ್ಲಿ ಜೋಡಿಸಿ, ಮಣ್ಣು ನೇಗಿಲನ್ನು ಎಳೆಯುವ ಬಲವೇ ಹಿಂದಿನ ಚಕ್ರಗಳನ್ನು ಒತ್ತುವಂತೆ ಏರ್ಪಡಿಸಲಾಗಿತ್ತು. ಇಂದಿನ ಚಿಕ್ಕ ಟ್ರಾಕ್ಟರುಗಳ ಮೂರು ಬಿಂದುಗಳ ಜೋಡಣೆಯೂ ಇದೇ ಮೂಲದಿಂದ ಬಂದುದು.

ಡಿಫರೆನ್ಷಿಯಲ್ ಲಾಕ್

ತಿರುವಿನಲ್ಲಿ ಹೊರಗಿನ ಚಕ್ರವು ಒಳಗಿನದಕ್ಕಿಂತ ಹೆಚ್ಚು ದೂರ ಹೋಗಬೇಕಾದುದರಿಂದ ಹಿಂದಿನ ಅಚ್ಚಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಏರ್ಪಾಡಿದೆ. ಅದು ಎರಡು ಚಕ್ರಗಳಿಗೂ ಸಮಬಲವನ್ನು ಹಂಚುತ್ತದೆ. ನೊಗದ ಒಂದು ಬದಿಯ ಎತ್ತು ಎಳೆಯದೆ ನಿಂತರೆ ಮತ್ತೊಂದರ ಶ್ರಮವು ಹೇಗೆ ವ್ಯರ್ಥವೋ, ಹಾಗೆಯೇ ಒಂದು ಚಕ್ರವು ಕೆಸರಿನಲ್ಲಿ ಬರಿದೆ ತಿರುಗಿದರೆ ಗಟ್ಟಿ ನೆಲದಲ್ಲಿರುವ ಮತ್ತೊಂದು ಚಕ್ರಕ್ಕೂ ಬಲ ದೊರೆಯುವುದಿಲ್ಲ. ಲಾಕನ್ನು ಒತ್ತಿದರೆ ಎರಡೂ ಚಕ್ರಗಳು ಒಂದಾಗಿ ತಿರುಗುತ್ತವೆ.

ಇದರ ಉಪಯೋಗಕ್ಕೆ ಮೂರು ನಿಯಮಗಳಿವೆ. ಕೆಸರಿಗೆ ಇಳಿಯುವ ಮೊದಲೇ, ವೇಗವನ್ನು ತಗ್ಗಿಸಿ ಒತ್ತತಕ್ಕದ್ದು. ಒಂದು ಚಕ್ರವು ವೇಗವಾಗಿ ತಿರುಗುತ್ತಿರುವಾಗ ಒತ್ತಿದರೆ ಹಲ್ಲುಗಳು ಮುರಿಯಬಹುದು. ನೇರವಾಗಿ ಹೋಗುವಾಗ ಮಾತ್ರ ಬಳಸತಕ್ಕದ್ದು. ತಿರುವಿಗೆ ಮುಂಚೆ ತಪ್ಪದೆ ಬಿಡಿಸತಕ್ಕದ್ದು. ಇಲ್ಲವಾದರೆ ಟ್ರಾಕ್ಟರು ತಿರುಗದೆ ನೇರವಾಗಿ ಬದುವಿಗೋ ಕಾಲುವೆಗೋ ನುಗ್ಗುವುದು.

ನಾಲ್ಕು ಚಕ್ರಗಳ ಎಳೆತ

ಎರಡು ಚಕ್ರಗಳ ಎಳೆತದಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರವು ಎಳೆಯುವ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ಚಕ್ರಗಳಿಗೂ ಬಲ ದೊರೆತರೆ ಟ್ರಾಕ್ಟರಿನ ಪೂರ್ಣ ತೂಕವೂ ದುಡಿಯುತ್ತದೆ. ಹಗುರವಾದ ಯಂತ್ರಕ್ಕೆ ಇದರಿಂದ ವಿಶೇಷವಾದ ಲಾಭವುಂಟು. ಮಲೆನಾಡಿನ ಇಳಿಜಾರಿನಲ್ಲಿ ಮತ್ತೊಂದು ಪ್ರಯೋಜನವಿದೆ: ಸಾಮಾನ್ಯವಾಗಿ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ ಇರುತ್ತದೆ, ನಾಲ್ಕು ಚಕ್ರಗಳನ್ನು ಜೋಡಿಸಿಕೊಂಡು ಇಳಿದರೆ ಮುಂದಿನವೂ ತಡೆಹಿಡಿಯುತ್ತವೆ. ಗಟ್ಟಿಯಾದ ರಸ್ತೆಗೆ ಬಂದೊಡನೆ ಈ ಜೋಡಣೆಯನ್ನು ಬಿಡಿಸಬೇಕು. ಇಲ್ಲದಿದ್ದರೆ ಮುಂದಿನ ಟೈರುಗಳು ಬೇಗನೆ ಸವೆದು ಹಲ್ಲುಚಕ್ರಗಳಿಗೂ ಒತ್ತಡವಾಗುವುದು. ಆದರೆ ಕಡಿದಾದ ಇಳಿಜಾರಿನ ರಸ್ತೆಯಲ್ಲಿ ಹೇರಿನೊಡನೆ ಇಳಿಯುವಾಗ ಜೋಡಣೆಯಿರುವುದೇ ಕ್ಷೇಮ.

ಕೆಸರುಗದ್ದೆಯೂ ಎರೆಭೂಮಿಯೂ

ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಲ್ಲಿಯೂ, ತುಂಗಭದ್ರಾ ನಾಲೆಯ ಗಂಗಾವತಿ, ಸಿಂಧನೂರು ಕಡೆಯ ಗದ್ದೆಗಳಲ್ಲಿಯೂ ನೀರು ನಿಲ್ಲಿಸಿ ಕೆಸರು ಮಾಡುವಾಗ ರಬ್ಬರು ಟೈರು ಒಂದೇ ಸಾಲದು. ಅದಕ್ಕಾಗಿ ಕೇಜ್ ವೀಲ್ ಎಂಬ ಕಬ್ಬಿಣದ ಪಂಜರದಂತಹ ಚಕ್ರವನ್ನು ಜೋಡಿಸುತ್ತಾರೆ. ಅದು ಹೂಳದಂತೆ ತಡೆದು, ಕೆಸರನ್ನೂ ಕಲಸುತ್ತದೆ. ರಸ್ತೆಗೆ ಬರುವ ಮುನ್ನ ಅದನ್ನು ಕಳಚತಕ್ಕದ್ದು.

ಮಳೆಯಾದ ಮರುದಿನವೇ ಎರೆಭೂಮಿಗೆ ಇಳಿಯುವವನಿಗೆ ಮಾತ್ರ ಯಾವ ಸಾಧನವೂ ನೆರವಾಗದು. ಅಂಟುಮಣ್ಣು ಟೈರಿನ ಗೆರೆಗಳನ್ನು ಮುಚ್ಚುವುದಲ್ಲದೆ, ಜಾರುವ ಚಕ್ರವು ನೆಲವನ್ನು ಗಿಲಾವು ಮಾಡಿದಂತೆ ಮೆತ್ತಿಬಿಡುತ್ತದೆ. ಅಲ್ಲಿ ಹದಕ್ಕಾಗಿ ಕಾಯುವುದೇ ಮೊದಲನೆಯ ಸಾಧನ.

ಹೂತ ಟ್ರಾಕ್ಟರೂ ಪ್ರಾಣದ ಎಚ್ಚರಿಕೆಯೂ

ಈ ಉಪನ್ಯಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೂತ ಚಕ್ರಕ್ಕೆ ಮರದ ದಿಮ್ಮಿಯನ್ನು ಕಟ್ಟಿ ಮುಂದಕ್ಕೆ ನಡೆಸಬಾರದು. ಚಕ್ರವು ತಿರುಗಲಾರದೆ ಕಚ್ಚಿಕೊಂಡರೆ ಎಂಜಿನಿನ ಬಲವು ಟ್ರಾಕ್ಟರಿನ ಮುಂಭಾಗವನ್ನೇ ಮೇಲಕ್ಕೆತ್ತಿ ಹಿಂದಕ್ಕೆ ಕೆಡವುವುದು. ಸರಪಣಿಯನ್ನು ಹಿಂದಿನ ಅಚ್ಚಿಗೋ ಅದಕ್ಕಿಂತ ಎತ್ತರಕ್ಕೋ ಕಟ್ಟಿ ಎಳೆದರೂ ಇದೇ ಗತಿ. ಇದು ಎರಡು ಸೆಕೆಂಡುಗಳೊಳಗೆ ಮುಗಿದುಹೋಗುತ್ತದೆ. ಕ್ಲಚ್ಚನ್ನು ತುಳಿಯುವುದಕ್ಕೂ ಸಮಯವಿರುವುದಿಲ್ಲ.

ಹೂತೊಡನೆ ಚಕ್ರವನ್ನು ತಿರುಗಿಸುವುದನ್ನು ನಿಲ್ಲಿಸಿ, ಉಪಕರಣವನ್ನು ಕಳಚಿ, ಚಕ್ರಗಳ ಹಿಂದಿನ ಮಣ್ಣನ್ನು ತೆಗೆದು, ಬಂದ ದಾರಿಯಲ್ಲಿ ನಿಧಾನವಾಗಿ ಹಿಂದಕ್ಕೆ ತರತಕ್ಕದ್ದು. ಅದಾಗದಿದ್ದರೆ ಮತ್ತೊಂದು ಟ್ರಾಕ್ಟರಿನಿಂದ ಎಳೆಸಬೇಕು. ಎಳೆಯುವ ಟ್ರಾಕ್ಟರಿನಲ್ಲಿ ಸರಪಣಿಯನ್ನು ತಗ್ಗಿನಲ್ಲಿರುವ ಡ್ರಾಬಾರಿಗೇ ಕಟ್ಟಬೇಕು. ಸರಪಣಿಯ ಸುತ್ತ ಜನರು ನಿಲ್ಲಬಾರದು. ಚಾಲಕನ ಸೀಟಿನ ಬಳಿ ರಕ್ಷಣೆಯ ಉಕ್ಕಿನ ಕಮಾನಿದ್ದರೆ ಅದನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಪಟ್ಟಿಯನ್ನು ಕಟ್ಟಿಕೊಂಡೇ ನಡೆಸತಕ್ಕದ್ದು.

ಗ್ರಾಮಮುಖ್ಯಸ್ಥರಲ್ಲಿ ವಿಜ್ಞಾಪನೆ

ಗದ್ದೆಯಿಂದ ಗದ್ದೆಗೆ ಟ್ರಾಕ್ಟರು ಬದುವನ್ನು ಹತ್ತಿ ದಾಟುವ ಕಡೆಗಳಲ್ಲಿ ಇಳಿಜಾರಾದ ದಾರಿಯನ್ನು ಮಾಡಿಸುವುದೂ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವ ರೂಢಿಯನ್ನು ತಪ್ಪಿಸುವುದೂ ಮುಖ್ಯಸ್ಥರಿಂದ ಆಗತಕ್ಕ ಉಪಕಾರ. ಕೊಳ್ಳುವವರಿಗೆ ಹೇಳಬೇಕಾದ ಬುದ್ಧಿಮಾತು ಇಷ್ಟೇ: ಸಮತಟ್ಟಾದ ಒಣ ಹೊಲದವನಿಗೆ ಒಳ್ಳೆಯ ಟೈರು, ತಕ್ಕ ಭಾರ, ಡಿಫರೆನ್ಷಿಯಲ್ ಲಾಕ್ ಇವೇ ಬಹುಮಟ್ಟಿಗೆ ಸಾಕು, ಇಳಿಜಾರು ಅಥವಾ ಕೆಸರಿನಲ್ಲಿ ವರ್ಷವರ್ಷವೂ ದುಡಿಯಬೇಕಾದವನಿಗೆ ನಾಲ್ಕು ಚಕ್ರಗಳ ಎಳೆತಕ್ಕೆ ಕೊಟ್ಟ ಹೆಚ್ಚಿನ ಹಣವು ವ್ಯರ್ಥವಲ್ಲ. ಎತ್ತಿನ ಕಾಲು ಜಾರುವುದನ್ನು ಕಂಡು ಏರು ಬಿಟ್ಟ ರೈತನ ಕಣ್ಣು ಚಕ್ರದ ಮೇಲೂ ಇರಲಿ; ಆಗ ಯಂತ್ರವು ಅವನಿಗೆ ಬಹುಕಾಲ ದುಡಿಯುವುದು.